ಕಿವಿಗೆ ಕಿವಿ ಕೊಡಬೇಡ

ಬೂದಿ ಅಂತ ಆ ಸರೋವರದ ಹೆಸರು.
ನಮ್ಮ ಒಲೆಯ ಬೂದಿಯಲ್ಲ; ಚಿಲಿ ದೇಶದ ತೆಂಕಣ ಅಂಚಿನಲ್ಲಿ
ಕಡಲು ಆಗಾಗ ಮರಳದಿಬ್ಬ ಒಡೆದು ಒಳನುಗ್ಗಿ
ಸಿಹಿನೀರಿಗೆ ಉಪ್ಪು ಬೆರೆಸಿ ಹೋಗುವ ಜಾಗ.
ಯಾವ ಕುಲದ ನೀರೆಂದು ನಾಲಿಗೆ ಹೇಳಲಾರದು.

ಆ ದಂಡೆಯಲ್ಲಿ ಎರ್ಮೆಲಿಂದಾ ಕೊಲಿಪಾನಳ ಕೋಳಿಗೆ ಬಾಲವಿಲ್ಲ.
ಕತ್ತರಿಸಿದ್ದಲ್ಲ, ನಾಯಿ ಕಿತ್ತದ್ದಲ್ಲ,
ಬೆನ್ನ ಕೊನೆಯ ಎಲುಬೇ ಹುಟ್ಟುವಾಗ ಬರಲು ಮರೆತಿದೆ.
ಕೆನ್ನೆಯ ಎರಡು ಬದಿಗೂ ಗರಿಯ ಲೋಲಾಕು,
ಗಾಳಿ ಎದ್ದರೆ ಎರಡೂ ಒಂದೇ ಕಡೆಗೆ.
ಮೊಟ್ಟೆ ನೀಲಿ:
ಒಗೆದೊಗೆದು ಮಾಸಿದ ಶಾಲೆಯಂಗಿಯ ನೀಲಿ.
ಒಡೆದರೆ ಚಿಪ್ಪಿನ ಒಳಮೈಯೂ ಅದೇ.

ಅಳಿಯ ಅಬೆಲಾರ್ದೋ ತೆಮೂಕೊ ಸಂತೆಯಿಂದ
ಸಿಮೆಂಟು ಚೀಲದಲ್ಲಿ ಹುಂಜ ತಂದ.
ಕೆಂಪು. ಗರಗಸದ ಜುಟ್ಟು, ಹಳದಿ ಕಾಲು, ಕುಡುಗೋಲಿನ ಬಾಲ.
ಉಸಿರಿಗೆಂದು ಚೀಲಕ್ಕೆ ಎರಡು ತೂತು.
"ದೊಡ್ಡ ಮೈ. ಮಾಂಸ ಬರ್ತದೆ."
ಅತ್ತೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.
ಹುಂಜಕ್ಕೆ ನೀರಿಟ್ಟಳು.

ನೂಲಿನಂತೆ ಸೀರೆ ಅನ್ನುವ ಲೆಕ್ಕ
ಆ ಗೂಡಿನಲ್ಲಿ ಒಂದು ಬೆಳಗೂ ನಿಲ್ಲಲಿಲ್ಲ.
ಅಮ್ಮನ ಬಟಾಣಿಕಾಳಿನ ಜುಟ್ಟು ಎಲ್ಲ ಮರಿಗೂ ಬಂತು,
ಅಪ್ಪನ ಗರಗಸ ಒಂದಕ್ಕೂ ಇಲ್ಲ.
ಬಾಲ ಕೆಲವಕ್ಕೆ ಇತ್ತು, ಕೆಲವಕ್ಕೆ ಇಲ್ಲ.
ಒಂದಕ್ಕೆ ಎಡಗೆನ್ನೆಗೆ ಮಾತ್ರ ಲೋಲಾಕು,
ಜಾತ್ರೆಯಲ್ಲಿ ಇನ್ನೊಂದನ್ನು ಕಳಕೊಂಡವಳ ಹಾಗೆ
ತಲೆ ವಾಲಿಸಿಯೇ ನಡೆಯುತ್ತಿತ್ತು.
ಹೆಣ್ಣುಗಳು ಬೆಳೆದು ಇಟ್ಟ ಮೊಟ್ಟೆ ಹಸಿರು:
ಅಡಿಯಲ್ಲಿ ತಾಯಿಯ ನೀಲಿ,
ಮೇಲೆ ತೆಳ್ಳಗೆ ಬಳಿದ ಕಂದು,
ಎಂದೂ ಮೊಟ್ಟೆಯಿಡದ ತಂದೆ ಕೊಟ್ಟ ಬಳುವಳಿ.

ಮರುವರ್ಷ ಸೆಪ್ಟೆಂಬರಿನಲ್ಲಿ
ಕಾವಿಗಿಟ್ಟದ್ದು ಹದಿನಾರು.
ಇಪ್ಪತ್ತೊಂದನೆಯ ದಿನ ಹನ್ನೆರಡು ಕೊಕ್ಕು ಹೊರಬಂದವು.
ಉಳಿದ ನಾಲ್ಕನ್ನು ಎರ್ಮೆಲಿಂದಾ ಒಂದೊಂದಾಗಿ ಕಿವಿಗಿಟ್ಟಳು.
ಒಲೆಯಲ್ಲಿ ಕಟ್ಟಿಗೆ ಚಟಪಟ ಅಂದಿತು, ಅಷ್ಟೇ.

ಕೃಷಿ ಕಚೇರಿಯ ಹುಡುಗ ನಿಬಾಲ್ದೋ
ಕಾಗದದಲ್ಲಿ ಚೌಕ ಬರೆದು ನಾಲ್ಕು ಮನೆ ಮಾಡಿದ.
"ಲೋಲಾಕು ಒಂದು ಕಡೆಯಿಂದ ಬಂದರೆ ಚಂದ, ಅಮ್ಮಾ.
ತಾಯಿಯಿಂದಲೂ ಬಂದು ತಂದೆಯಿಂದಲೂ ಬಂದರೆ..."
ನಾಲ್ಕನೆಯ ಮನೆಯ ಮೇಲೆ ಪೆನ್ನು ನಿಂತಿತು.

"ಗೊತ್ತು," ಅಂದಳು.
ಓದು ಬರಹ ಬಾರದ ಅವಳ ಅಜ್ಜಿಯೂ ಹೇಳಿದ್ದಳಂತೆ,
ಕಿವಿಗೆ ಕಿವಿ ಕೊಡಬೇಡ, ಬೋಳುಗೆನ್ನೆಯ ಮನೆಯಲ್ಲೇ ಹೆಣ್ಣು ನೋಡು.
"ಮತ್ತೆ ಯಾಕೆ ಬಿಟ್ಟಿರಿ?"
"ಹುಂಜ ನನ್ನನ್ನು ಕೇಳಲಿಲ್ಲ."

ಹುಡುಗ ನಕ್ಕ. ಅವನು ಹೋದಮೇಲೆ
ಒಂದನ್ನು ಒಲೆಯ ಬೆಳಕಿಗೆ ಹಿಡಿದು ಒಡೆದಳು.
ಒಳಗೆ ಎಲ್ಲ ಇತ್ತು. ಉಗುರು ಕೂಡ.
ಕೊಕ್ಕಿನ ತುದಿಯಲ್ಲಿ ಚಿಪ್ಪೊಡೆಯುವ ಬಿಳಿ ಮುಳ್ಳು,
ಮುಚ್ಚಿದ ರೆಪ್ಪೆ,
ಕೆನ್ನೆಗಂಟಿದ ಒದ್ದೆ ಗರಿ, ಎರಡು ಬದಿಗೂ ಸರಿಸಮ.
ಇಷ್ಟು ಒಡವೆ ಹೇರಿ
ಯಾವ ಮದುವೆಗೆ ಹೊರಡಿಸಿದ್ದರು ಇದನ್ನು?

ನಾಲ್ಕನ್ನೂ ಆಲೂಗಡ್ಡೆ ಸಾಲಿನಲ್ಲಿ ಹೂತಳು.

ಬೇಸಿಗೆ ಕಳೆಯುವಾಗ ಅಬೆಲಾರ್ದೋ ಚಾಕು ಮಸೆದ.
ಉದ್ದ ಬಾಲದ, ಬೋಳುಗೆನ್ನೆಯ, ಕೆಂಪು ಎಳೆಹುಂಜ:
"ಇದರಲ್ಲಿ ನಿಮ್ಮದು ಏನೂ ಇಲ್ಲ ಅತ್ತೆ, ಎಲ್ಲ ಅಪ್ಪನದೇ.
ಭಾನುವಾರದ ಸಾರಿಗೆ ಆಗ್ತದೆ."

ಎರ್ಮೆಲಿಂದಾ ಅದನ್ನು ಕಂಕುಳಲ್ಲಿ ಅವುಚಿ
ತಲೆಯ ಮೇಲೆ ಬೆರಳಾಡಿಸಿದಳು.
ಗರಗಸವಲ್ಲ. ಮೂರು ಸಾಲು, ಗಿಡ್ಡ, ಬಟಾಣಿ.
ಬಟಾಣಿಯಿದ್ದಲ್ಲಿ ಬಹುತೇಕ ನೀಲಿಯೂ ಇರುತ್ತದೆ,
ಒಂದೇ ಸೆರಗಿನ ತುದಿಗೆ ಗಂಟು ಹಾಕಿದ ಎರಡು ಕಾಸಿನ ಹಾಗೆ;
ಇದೂ ಅಜ್ಜಿ ಹೇಳಿದ್ದೇ.

"ಇದು ಬೇಡ," ಅಂದಳು.
"ಯಾಕೆ?"
ಎಂದೂ ಇಡಲಾಗದ ಮೊಟ್ಟೆಯ ಬಣ್ಣ ಹೊತ್ತುಕೊಂಡು
ಹುಂಜ ಅವಳ ಕೈ ಕುಕ್ಕಿ, ಜಿಗಿದು,
ಬೇಲಿಯಾಚೆ ಓಡಿತು.